ಲಾಂಗ್‌ಜಿಗೆ ಹೋಗುವವರೇ, ‘ರಸ್ತೆ ಬಂದ್’ ಎಂದರೆ ನಂಬಬೇಡಿ

ಚೀನಾದ ಗುಯಿಲಿನ್‌ನಿಂದ ಬಾಡಿಗೆ ಕಾರಿನಲ್ಲಿ ಲಾಂಗ್‌ಜಿಯ ಮೆಟ್ಟಿಲುಗದ್ದೆ ನೋಡಲು ಹೊರಟವರಿದ್ದರೆ ಇದನ್ನು ಪೂರ್ತಿ ಓದಿ. ಅದರಲ್ಲೂ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಮಳೆಯಲ್ಲಿ ಹೋಗುವವರು. ಚಾಲಕ ನಡುದಾರಿಯಲ್ಲಿ ಕಾರು ನಿಲ್ಲಿಸಿ, ಮುಂದೆ ಧರೆ ಕುಸಿದಿದೆ, ಗದ್ದೆಗಳಿರುವ ದಾಜಾಯ್ ಹಳ್ಳಿಯ ರಸ್ತೆ ಬಂದ್ ಎಂದರೆ, ನೀವು ಕೊಠಡಿ ಕಾಯ್ದಿರಿಸಿದ ಮನೆಗೆ ಅಲ್ಲಿಂದಲೇ ಫೋನ್ ಮಾಡಿ. ನಮಗೆ ಬಂದ್ ಎಂದು ಹೇಳಿದ ರಸ್ತೆ ಬಂದ್ ಆಗಿರಲೇ ಇಲ್ಲ. ತೆರೆದೇ ಇತ್ತು. ದಿನವಿಡೀ ತೆರೆದಿತ್ತು.

ನಾನಿರುವುದು ಗುವಾಂಗ್‌ಝೌನಲ್ಲಿ. ತೀರ್ಥಹಳ್ಳಿ ಕಡೆಯಿಂದ ಅಪ್ಪ ಅಮ್ಮ ಬಂದಿದ್ದರು. ನಗರದ ದೊಡ್ಡ ಕಟ್ಟಡಗಳನ್ನು ಅಪ್ಪ ತಲೆಯೆತ್ತಿಯೂ ನೋಡಲಿಲ್ಲ. ಅವರಿಗೆ ಬೇಕಿದ್ದದ್ದು ಈ ಗದ್ದೆಗಳು. ಸುಮಾರು 300 ಮೀಟರ್ ಎತ್ತರದಿಂದ 1,100 ಮೀಟರ್‌ವರೆಗೆ ಗುಡ್ಡವನ್ನೇ ಕಡಿದು ಮಾಡಿದ ಗದ್ದೆಗಳು, ಯುವಾನ್ ಎಂಬ ರಾಜಮನೆತನದ ಕಾಲದಿಂದ ಬಂದವು. ‘ಅಷ್ಟು ಇಳಿಜಾರಿನಲ್ಲಿ ನೀರು ನಿಲ್ಲಬೇಕಾದರೆ ಅಂಚು ಹೇಗೆ ಕಟ್ಟಿದ್ದಾರೋ ನೋಡಬೇಕು ಮಾರಾಯ’ ಎಂದು ಒಂದೇ ಹಟ. ಅಲ್ಲಿ ವರ್ಷಕ್ಕೆ ಒಂದೇ ಬೆಳೆ. ಗದ್ದೆ ತುಂಬ ನೀರು ನಿಂತು ನಾಟಿ ನಡೆಯುವುದು ಜೂನ್ ಹೊತ್ತಿಗೆ. ಅದಕ್ಕೇ ಮಳೆ ಬರುತ್ತದೆಂದು ಗೊತ್ತಿದ್ದೂ ಆ ತಿಂಗಳನ್ನೇ ಆರಿಸಿಕೊಂಡೆವು. ಮಳೆಯ ಬಗ್ಗೆ ನನ್ನ ತಕರಾರಿಲ್ಲ. ಮಲೆನಾಡಿನವರಿಗೆ ಮಳೆಯ ಹೆದರಿಕೆ ಏನು?

ಕಾರು ಗೊತ್ತುಮಾಡಿದ್ದು ಚೀನಾದ ವೀಚಾಟ್ ಆ್ಯಪ್‌ನಲ್ಲಿ. ಗುಯಿಲಿನ್ ರೈಲು ನಿಲ್ದಾಣದಿಂದ ದಾಜಾಯ್‌ಗೆ, ಮರುದಿನ ವಾಪಸ್. ಹೋಗಿ ಬರಲು ಒಂಬೈನೂರು ಯುವಾನ್, ಅಂದರೆ ಹತ್ತು ಸಾವಿರ ರೂಪಾಯಿಗೂ ಮೇಲೆ. ಚಾಲಕ ಪೂರ್ತಿ ಹಣ ಮುಂಗಡ ಬೇಕೆಂದ, ಕೊಟ್ಟೆವು. ದಾಜಾಯ್ ಎಂದರೆ ‘ಕೆಂಪು ಯಾವ್’ ಎಂಬ ಜನಾಂಗದವರ ಹಳ್ಳಿ. ಅದರ ಮೇಲಿನ ತಿಯಾನ್‌ತೋಜಾಯ್‌ನಲ್ಲಿ ಒಂದು ಮನೆಯಲ್ಲಿ ಇನ್ನೂರ ಅರವತ್ತು ಯುವಾನ್‌ಗೆ ಕೊಠಡಿ ಕಾಯ್ದಿರಿಸಿದ್ದೆ. ಹಳ್ಳಿಯೊಳಗೆ ವಾಹನ ಹೋಗುವುದಿಲ್ಲ, ಕಲ್ಲು ಮೆಟ್ಟಿಲು ಹತ್ತಲೇಬೇಕು. ಅಮ್ಮನ ಮಂಡಿನೋವು ನೋಡಿ, ಸಾಮಾನು ಹೊರಲು ಬೆನ್ನಿಗೆ ಬುಟ್ಟಿ ಕಟ್ಟಿಕೊಳ್ಳುವ ಹೆಂಗಸೊಬ್ಬರನ್ನು ಮನೆಯಾಕೆ ಮೊದಲೇ ಗೊತ್ತುಮಾಡಿ ಇಟ್ಟಿದ್ದರು.

ಟಿಕೆಟ್ ಕೊಳ್ಳುವ ದ್ವಾರ ದಾಟಿ ಬಹಳ ದೂರ ಹೋದ ಮೇಲೆ ರಸ್ತೆ ಕವಲೊಡೆಯುತ್ತದೆ, ಒಂದು ಪಿಂಗಾನ್ ಎಂಬ ಇನ್ನೊಂದು ಹಳ್ಳಿಗೆ, ಒಂದು ದಾಜಾಯ್‌ಗೆ. ಅಲ್ಲಿ ಕಾರು ನಿಂತಿತು. ಜಡಿಮಳೆ, ಗಾಜಿನಾಚೆ ಏನೂ ಕಾಣುವುದಿಲ್ಲ. ಅವನು ಯಾರಿಗೋ ಫೋನ್ ಮಾಡಿದ, ತಲೆಯಾಡಿಸಿದ, ನಿಟ್ಟುಸಿರು ಬಿಟ್ಟ. ಆಮೇಲೆ ಮೊಬೈಲ್‌ನ ಅನುವಾದದ ಆ್ಯಪ್‌ನಲ್ಲಿ ಮಾತಾಡಿ ನಮಗೆ ತೋರಿಸಿದ: ಧರೆ ಕುಸಿದಿದೆ, ದಾಜಾಯ್ ರಸ್ತೆ ಮುಚ್ಚಿದ್ದಾರೆ, ನಾಳೆಯೂ ಅನುಮಾನ, ಪಿಂಗಾನ್‌ನಲ್ಲಿ ನನಗೆ ಗೊತ್ತಿರುವ ಒಳ್ಳೆಯ ಮನೆ ಇದೆ.

ಆಗುಂಬೆ ಘಾಟಿ, ಶಿರಾಡಿ ಘಾಟಿ ಮಳೆಗಾಲದಲ್ಲಿ ಬಂದ್ ಆಗುವುದನ್ನು ನೋಡುತ್ತಲೇ ಬೆಳೆದವರು ನಾವು. ಧರೆ ಕುಸಿದಿದೆ ಎಂದ ಮೇಲೆ ಯಾರಾದರೂ ಎದುರು ಮಾತಾಡುತ್ತಾರೆಯೇ? ‘ಜೀವ ಇದ್ದರೆ ಗದ್ದೆ ನೋಡಬಹುದು, ಹೋಗೋಣ ನಡಿ’ ಎಂದವರು ಅಪ್ಪನೇ.

ಪಿಂಗಾನ್‌ನ ಆ ‘ಒಳ್ಳೆಯ ಮನೆ’ಗೆ ನಾನೂರ ಎಂಬತ್ತು ಯುವಾನ್. ಹಾಸಿಗೆಗೆ ಮುಗ್ಗಲು ವಾಸನೆ, ಕಿಟಕಿಯ ಸಂದಿಯಿಂದ ನೀರು. ಊಟದ ಪಟ್ಟಿಯಲ್ಲಿ ಹಂದಿಮಾಂಸವಿಲ್ಲದ್ದು ಅನ್ನ ಮತ್ತು ಸೌತೆಕಾಯಿ. ಅಮ್ಮನ ಉಪ್ಪಿನಕಾಯಿ ಡಬ್ಬಿಯಿಂದ ಊಟ ಮುಗಿಯಿತು. ಇರಲಿ. ನನಗೆ ಮೊದಲು ಅನುಮಾನ ಹತ್ತಿದ್ದು ಬೇರೆ ಕಾರಣಕ್ಕೆ: ಅವರು ಪಾಸ್‌ಪೋರ್ಟ್ ಕೇಳಲಿಲ್ಲ. ಚೀನಾದಲ್ಲಿ ವಿದೇಶಿಯರು ಎಲ್ಲಿ ತಂಗಿದರೂ ಪೊಲೀಸರಲ್ಲಿ ನೋಂದಣಿ ಆಗಬೇಕು. ವಸತಿಗೃಹವಾದರೆ ಅದು ಅವರ ಕೆಲಸ. ಅಲ್ಲಿರುವ ಯಾರಿಗೂ ಗೊತ್ತಿರುವ ವಿಷಯ. ‘ಬೇಡ, ಬೇಡ, ಒಂದು ರಾತ್ರಿ ತಾನೇ’ ಎಂದು ಮಾಲೀಕ ನಕ್ಕ.

ರಾತ್ರಿ ಎಂಟರ ಹೊತ್ತಿಗೆ ದಾಜಾಯ್ ಮನೆಯಾಕೆಯ ಫೋನ್ ಬಂತು. ನೀವೇಕೆ ಬರಲಿಲ್ಲ, ಬುಟ್ಟಿಯ ಹೆಂಗಸು ಮಳೆಯಲ್ಲಿ ಕಾದು ಕಾದು ಹೋದಳು ಎಂದರು. ನನಗೆ ಬರುವ ಅರೆಬರೆ ಚೀನಿಯಲ್ಲಿ, ರಸ್ತೆ ಮುಚ್ಚಿದೆಯಲ್ಲ ಎಂದೆ. ಯಾವ ರಸ್ತೆ ಎಂದು ಕೇಳಿದರು. ಗುಯಿಲಿನ್ ಬಸ್ಸು ಸಂಜೆ ಬಂದಿದೆ, ಅದರಲ್ಲಿ ಬಂದ ಅತಿಥಿಗಳು ನಮ್ಮಲ್ಲೇ ಊಟಕ್ಕೆ ಕುಳಿತಿದ್ದಾರೆ ಎಂದು ವಿಡಿಯೊ ಕಳಿಸಿದರು. ಅಪ್ಪ ಪಕ್ಕದಲ್ಲೇ ಇದ್ದರು, ಏನಂತೆ ಎಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹೊರಗಡೆ ದುಡಿಯುವ ಮಗ, ಇಲ್ಲಿನದೆಲ್ಲ ಬಲ್ಲವನು ಎಂದು ನಂಬಿ ಬಂದವರ ಎದುರು, ಹಾಡುಹಗಲೇ ಟೋಪಿ ಹಾಕಿಸಿಕೊಂಡೆವು ಎಂದು ಹೇಳುವುದು ಹೇಗೆ?

ಈಗ ಚಾಲಕನ ಉತ್ತರಗಳನ್ನು ಕೇಳಿ. ರಸ್ತೆ ತೆರೆದಿದೆಯಂತಲ್ಲ ಎಂದು ಬರೆದೆ. ಮೊದಲ ಉತ್ತರ: ‘ಸುರಕ್ಷತೆ ಮೊದಲು’. ಎರಡನೆಯದು: ‘ನಾನು ಹೇಳಿದಾಗ ಮುಚ್ಚಿತ್ತು, ಆಮೇಲೆ ತೆರೆದಿರಬಹುದು’. ಪುರಾವೆ ಕೊಡು ಎಂದಾಗ ಒಂದು ಫೋಟೊ ಬಂತು. ರಸ್ತೆಗೆ ಬಿದ್ದ ಕೆಂಪು ಮಣ್ಣು, ಸುತ್ತ ನಿಂತ ಜನ. ಎಲ್ಲ ಸರಿ. ಆದರೆ ಆ ಜನರ ನೆರಳು ನೆಲದ ಮೇಲೆ ಕಪ್ಪಗೆ ಬಿದ್ದಿದೆ! ಬೆಳಿಗ್ಗೆಯಿಂದ ಸೂರ್ಯನ ಮುಖ ಕಾಣದ ದಿನ, ಒಬ್ಬರ ಕೈಯಲ್ಲೂ ಕೊಡೆಯಿಲ್ಲ. ಇದನ್ನು ಕೇಳಿದ್ದಕ್ಕೆ ‘ಮಳೆ ಸ್ವಲ್ಪ ಹೊತ್ತು ನಿಂತಿತ್ತು’ ಎಂದ. ಅದರ ಹಿಂದೆಯೇ ಗುಲಾಬಿ ಹೂವಿನ ಚಿತ್ರ. ಕೊನೆಗೆ ಒಂದು ಸಾಲು: ‘ಅಲ್ಲಿರುವುದೂ ಗದ್ದೆ, ಇಲ್ಲಿರುವುದೂ ಗದ್ದೆ.’ ಅದನ್ನು ಓದಿ ಹೇಳಿದಾಗ ಅಪ್ಪನಿಗೆ ಮೊದಲ ಬಾರಿ ಸಿಟ್ಟು ಬಂತು.

ಮರುದಿನ ಪಿಂಗಾನ್‌ನಲ್ಲಿ ದಟ್ಟ ಮಂಜು. ‘ಏಳು ನಕ್ಷತ್ರ, ಒಂದು ಚಂದ್ರ’ ಎಂಬ ವೀಕ್ಷಣಾ ತಾಣಕ್ಕೆ ಕಷ್ಟಪಟ್ಟು ಹತ್ತಿದರೆ ನಕ್ಷತ್ರವೂ ಇಲ್ಲ, ಚಂದ್ರನೂ ಇಲ್ಲ, ಬರೀ ಬಿಳಿ. ಇಳಿಯುವಾಗ ಅಮ್ಮ ಜಾರಿ ಮೊಣಕೈ ತರಚಿಕೊಂಡರು. ಅಪ್ಪ ದಾರಿ ಬದಿಯ ಒಂದೇ ಒಂದು ಗದ್ದೆಯ ಅಂಚನ್ನು ಕಾಲಲ್ಲಿ ಒತ್ತಿ ನೋಡಿ, ಮಣ್ಣು ಗಟ್ಟಿಯಿದೆ ಎಂದರು. ದಾಜಾಯ್‌ಗೆ ಹೋಗಲು ಸಮಯವಿರಲಿಲ್ಲ, ಸಂಜೆಗೆ ರೈಲು. ವಾಪಸ್ ಹೊರಡುವಾಗ ಚಾಲಕ ಇನ್ನೂ ನೂರು ಕೇಳಿದ, ಮಳೆಯಲ್ಲಿ ಓಡಿಸುವ ಅಪಾಯಕ್ಕಂತೆ. ರೈಲು ತಪ್ಪುತ್ತದೆಂದು ಕೊಟ್ಟೆ. ಹಲ್ಲು ಕಚ್ಚಿಕೊಂಡು ಕೊಟ್ಟೆ.

ಗುವಾಂಗ್‌ಝೌಗೆ ಬಂದು, ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಸರ್ಕಾರದ 12345 ಸಹಾಯವಾಣಿಗೆ ದೂರು ಕೊಟ್ಟೆ. ಚಾಲಕ ಅಲ್ಲಿ ಕೊಟ್ಟ ಹೇಳಿಕೆ: ‘ಗ್ರಾಹಕರೇ ಸ್ವಇಚ್ಛೆಯಿಂದ ಸ್ಥಳ ಬದಲಿಸಿದರು.’ ಸ್ವಇಚ್ಛೆ! ಅದೇ ರಾತ್ರಿ ನನಗೆ ವೀಚಾಟ್‌ನಲ್ಲಿ ಐವತ್ತು ಯುವಾನ್‌ನ ‘ಕೆಂಪು ಲಕೋಟೆ’ (ಆ್ಯಪ್‌ನಲ್ಲೇ ಕಳಿಸುವ ಹಣದ ಉಡುಗೊರೆ) ಕಳಿಸಿ, ಕೆಟ್ಟದಾಗಿ ಬರೆಯಬೇಡಿ ಎಂದು ಕೇಳಿಕೊಂಡ. ನಾನು ತೆರೆಯಲಿಲ್ಲ, 24 ಗಂಟೆ ಕಳೆದರೆ ಅದು ತಾನಾಗಿ ಕಳಿಸಿದವರಿಗೇ ಮರಳುತ್ತದೆ.

ಹೋಗುವುದಾದರೆ ಗುಯಿಲಿನ್‌ನಿಂದ ನೇರ ಬಸ್ಸಿನಲ್ಲಿ ಹೋಗಿ. ಕಾರೇ ಬೇಕಾದರೆ ತಂಗುವ ಮನೆಯವರಿಗೇ ಕಳಿಸಲು ಹೇಳಿ, ಹಣವನ್ನು ಊರು ಮುಟ್ಟಿದ ಮೇಲೆ ಕೊಡಿ. ಪಾಸ್‌ಪೋರ್ಟ್ ಕೇಳದ ಮನೆಯಲ್ಲಿ ಚೀಲ ಇಳಿಸಬೇಡಿ. ಒಂದೇ ರಾತ್ರಿಗೆಂದು ಹೋಗಬೇಡಿ, ಆ ಮಂಜು ಒಂದು ದಿನಕ್ಕೆ ಕರಗುವಂಥದ್ದಲ್ಲ.

ಮೊನ್ನೆ ಅವನಿಂದ ಇನ್ನೊಂದು ಸಂದೇಶ ಬಂದಿದೆ. ಸೆಪ್ಟೆಂಬರ್ ಕೊನೆಗೆ ಗದ್ದೆಗಳೆಲ್ಲ ಹಳದಿಯಾಗುತ್ತವಂತೆ, ಹಳೆಯ ಗ್ರಾಹಕರಿಗೆ ರಿಯಾಯಿತಿ ಇದೆಯಂತೆ, ಅಪ್ಪ ಅಮ್ಮನನ್ನು ಮತ್ತೆ ಕರೆದುಕೊಂಡು ಬರಬೇಕಂತೆ. ಉತ್ತರ ಕೊಟ್ಟಿಲ್ಲ. ಅವನ ಸಂಖ್ಯೆಯನ್ನು ಅಳಿಸಿಯೂ ಇಲ್ಲ. ದೂರು ಇನ್ನೂ ಮುಗಿದಿಲ್ಲ.