ಎಂಟು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್: ಗ್ಯಾಲಕ್ಸಿ ನೋಡಬೇಕೆನ್ನುವವರಿಗೆ

ಕೊಡಗಿನ ಸುಂಟಿಕೊಪ್ಪದ ಕಡೆಯ ನಮ್ಮ ಕಾಫಿ ತೋಟದಲ್ಲಿ ಈ ಟೆಲಿಸ್ಕೋಪ್ ಬಳಸುತ್ತಿದ್ದೇನೆ. ಚಂದ್ರನ ಕುಳಿಗಳು, ಶನಿಯ ಬಳೆ ಇದರಲ್ಲಿ ಎಷ್ಟು ಚೆಂದ ಕಾಣುತ್ತವೆಂದು ಬಹಳ ಜನ ಬರೆದಿದ್ದಾರೆ, ಅದೆಲ್ಲ ನಿಜ. ನಾನು ಕೊಂಡದ್ದು ಗ್ಯಾಲಕ್ಸಿಗಳಿಗಾಗಿ. ಜೇಮ್ಸ್ ವೆಬ್ ಟೆಲಿಸ್ಕೋಪಿನ ಸುದ್ದಿ ಓದಿ ಓದಿ, ವಿಜ್ಞಾನಿಗಳು ಹುಡುಕುತ್ತಿರುವ ಮೊದಲ ಗ್ಯಾಲಕ್ಸಿಗಳ ಆ ದೂರದ ಬೆಳಕಿನ ಹತ್ತಿರಕ್ಕೆ ನನ್ನ ಕಣ್ಣಿನಿಂದ ಎಷ್ಟು ಹೋಗಲು ಸಾಧ್ಯವೋ ಅಷ್ಟು ಹೋಗಬೇಕೆಂಬ ಹಟ ಹುಟ್ಟಿತ್ತು. ಆ ಲೆಕ್ಕದಲ್ಲೇ ಇದರ ಗುಣದೋಷ ಹೇಳುತ್ತೇನೆ.

ಕನ್ನಡಿಯ ವ್ಯಾಸ 203 ಮಿ.ಮೀ., ಸಂಗಮ ದೂರ 1200 ಮಿ.ಮೀ. ಮೋಟಾರು ಇಲ್ಲ, ಬ್ಯಾಟರಿ ಇಲ್ಲ. ಮರದ ಪೀಠದ ಮೇಲೆ ಉದ್ದನೆಯ ಕೊಳವೆ ಕೂತಿರುತ್ತದೆ, ಕೈಯಿಂದಲೇ ತಿರುಗಿಸಬೇಕು. ಕೊಳವೆ ಒಬ್ಬರು, ಪೀಠ ಒಬ್ಬರು ಹೊತ್ತರೆ ಸಲೀಸು. ಜೊತೆಗೆ ಬರುವ 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಚೆನ್ನಾಗಿದೆ, 48 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಗ್ಯಾಲಕ್ಸಿಗೆ ಅದೇ ಸಾಕು. 10 ಮಿ.ಮೀ. ಐಪೀಸ್ ಸಾಧಾರಣ, ಅಂಚಿನಲ್ಲಿ ನಕ್ಷತ್ರಗಳು ಎಳೆದ ಹಾಗೆ ಕಾಣುತ್ತವೆ.

ಕೊಡಗಿನವರಿಗೆ ಇದರಿಂದ ಸಿಗುವ ದೊಡ್ಡ ಲಾಭವನ್ನು ಯಾರೂ ಬರೆದದ್ದು ನಾನು ನೋಡಿಲ್ಲ. ಕನ್ಯಾ ರಾಶಿಯ ಗ್ಯಾಲಕ್ಸಿ ಗುಚ್ಛದಲ್ಲಿರುವ ಎಂ87 ಖಗೋಳ ಸಮಭಾಜಕದಿಂದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆ) ಸುಮಾರು 12.4 ಡಿಗ್ರಿ ಉತ್ತರಕ್ಕಿದೆ. ಮಡಿಕೇರಿಯ ಅಕ್ಷಾಂಶವೂ 12.4 ಡಿಗ್ರಿ! ಹಾಗಾಗಿ ಮಾರ್ಚ್ ಕೊನೆಯಲ್ಲಿ ನಡುರಾತ್ರಿ ದಾಟುವ ಹೊತ್ತಿಗೆ ಆ ಗ್ಯಾಲಕ್ಸಿ ನಮ್ಮ ನೆತ್ತಿಯ ಮೇಲೇ ಹಾದು ಹೋಗುತ್ತದೆ. ಸುತ್ತ ಸಿಲ್ವರ್ ಓಕ್ ಎಷ್ಟೇ ಎತ್ತರಕ್ಕೆ ಬೆಳೆದಿದ್ದರೂ ಕಣದ ಮಧ್ಯೆ ನಿಂತವರಿಗೆ ಅಡ್ಡಿಯಾಗುವುದಿಲ್ಲ. 2019ರ ಏಪ್ರಿಲ್‌ನಲ್ಲಿ ಪ್ರಪಂಚ ಮೊದಲ ಬಾರಿಗೆ ನೋಡಿದ ಕಪ್ಪುರಂಧ್ರದ ಚಿತ್ರ ಇದೇ ಎಂ87ರ ನಡುವಿನದು. ಆ ಕಪ್ಪುರಂಧ್ರದ ತೂಕ ಸುಮಾರು 650 ಕೋಟಿ ಸೂರ್ಯರಷ್ಟು. ಇಲ್ಲಿ ಕಾಣುವುದು ನಡುವೆ ತುಸು ಹೆಚ್ಚು ಹೊಳೆಯುವ ದುಂಡನೆಯ ಮಸುಕು, ಅಷ್ಟೇ. ಆ ಮಸುಕು ಬೆಳಕು ಹೊರಟು ಐದು ಕೋಟಿ ವರ್ಷಕ್ಕೂ ಹೆಚ್ಚಾಯಿತು ಎಂದು ಗೊತ್ತಿದ್ದು ನೋಡಿದರೆ ಐಪೀಸಿನಿಂದ ಕಣ್ಣು ತೆಗೆಯಲು ಮನಸ್ಸಾಗುವುದಿಲ್ಲ. ಒಂದು ತೊಂದರೆ ಇದೆ: ಡಾಬ್ಸೋನಿಯನ್ನನ್ನು ನೇರ ನೆತ್ತಿಗೆ ತಿರುಗಿಸಿದರೆ ಅಕ್ಕಪಕ್ಕ ಸರಿಸುವುದು ಕಷ್ಟ. ನೆತ್ತಿಗೆ ಬರುವ ಒಂದು ಗಂಟೆ ಮೊದಲು ಅಥವಾ ಆಮೇಲೆ ನೋಡುವುದು ಒಳ್ಳೆಯದು.

ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಬಂದರೆ 3ಸಿ 273 ಎಂಬ ಕ್ವೇಸಾರ್, ಅಂದರೆ ದೂರದ ಗ್ಯಾಲಕ್ಸಿಯೊಂದರ ಅತಿ ಪ್ರಕಾಶದ ನಡುಭಾಗ, ಇದೆ. ನನ್ನ ಮಟ್ಟಿಗೆ ಈ ಟೆಲಿಸ್ಕೋಪಿಗೆ ಕೊಟ್ಟ ಹಣ ಇದೊಂದರಿಂದಲೇ ತೀರಿತು. ಮೋಡವಿಲ್ಲದ, ಚಂದ್ರನಿಲ್ಲದ ರಾತ್ರಿ ನಕ್ಷೆ ಇಟ್ಟುಕೊಂಡು ತಾಳ್ಮೆಯಿಂದ ಹುಡುಕಿದರೆ ಸಣ್ಣ ಚುಕ್ಕೆಯಾಗಿ ಸಿಗುತ್ತದೆ. ನಾದಿನಿಯ ಮಗ ನೋಡಿದವನೇ, "ಅತ್ತೆ, ಇದು ಬರೀ ನಕ್ಷತ್ರದ ಥರ ಇದೆಯಲ್ಲ?" ಎಂದ. ಸರಿಯಾದ ಪ್ರಶ್ನೆ. ಖಗೋಳ ವಿಜ್ಞಾನಿಗಳೂ ಹಾಗೇ ತಬ್ಬಿಬ್ಬಾಗಿದ್ದರು. 1963ರಲ್ಲಿ ಮಾರ್ಟೆನ್ ಸ್ಮಿಟ್ ಅದರ ಬೆಳಕನ್ನು ಬಿಡಿಸಿದ ರೋಹಿತ ನೋಡುತ್ತಿದ್ದಾಗ, ಗುರುತು ಸಿಗದ ಗೆರೆಗಳು ಜಲಜನಕದವೇ, ಶೇ. 16ರಷ್ಟು ಕೆಂಪಿನ ಕಡೆಗೆ ಸರಿದಿವೆ ಎಂಬುದನ್ನು ಕಂಡುಕೊಂಡರು. ಬೆಳಕು ದಾರಿಯಲ್ಲಿರುವಾಗ ವಿಶ್ವವೇ ಹಿಗ್ಗಿ ಅದರ ಅಲೆಯನ್ನೂ ಹಿಗ್ಗಿಸಿತ್ತು. ಸುಮಾರು 200 ಕೋಟಿ ವರ್ಷ ಪ್ರಯಾಣ ಮಾಡಿ ಬಂದ ಬೆಳಕು ಅದು. ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ಮತ್ತೆ ಹೋಗಿ ಬಗ್ಗಿ ನೋಡಿದ.

ಇನ್ನು ಇದರ ಮಿತಿ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗಿಂತ ಈ ಕನ್ನಡಿ ಸುಮಾರು 800 ಪಟ್ಟು ಹೆಚ್ಚು ಬೆಳಕು ಕೂಡಿಹಾಕುತ್ತದೆ. 6.5 ಮೀಟರ್ ಅಗಲದ ವೆಬ್ ಕನ್ನಡಿ ವಿಸ್ತೀರ್ಣದಲ್ಲಿ ಇದಕ್ಕಿಂತ ಹೆಚ್ಚುಕಡಿಮೆ ಅಷ್ಟೇ ಪಟ್ಟು ದೊಡ್ಡದು. ಹಾಗಂತ ಇದನ್ನು 800 ಪಟ್ಟು ಹಿಗ್ಗಿಸಿದರೂ ಮೊದಲ ಗ್ಯಾಲಕ್ಸಿಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. 2025ರಲ್ಲಿ ಗುರುತಿಸಿದ ಎಂಒಎಂ-ಝೆಡ್14 ಎಂಬ ಗ್ಯಾಲಕ್ಸಿ ಮಹಾಸ್ಫೋಟವಾಗಿ ಸುಮಾರು 28 ಕೋಟಿ ವರ್ಷಕ್ಕೇ ಇತ್ತು. ವಿಶ್ವದ ವಯಸ್ಸು 1380 ಕೋಟಿ ವರ್ಷ. ಅಷ್ಟು ದೂರ ಬರುವಷ್ಟರಲ್ಲಿ ಅದರ ಬೆಳಕಿನ ಅಲೆ 15 ಪಟ್ಟಿಗೂ ಹೆಚ್ಚು ಹಿಗ್ಗಿದೆ. ಹೊರಟಾಗ ನೇರಳಾತೀತವಾಗಿದ್ದದ್ದು ತಲುಪುವಾಗ ಕಣ್ಣಿಗೆ ಕಾಣದ ಅವಕೆಂಪಾಗಿದೆ. ಅದಕ್ಕಾಗಿಯೇ ವೆಬ್ಬನ್ನು ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ, ಸೂರ್ಯನ ಬಿಸಿ ತಾಗದಂತೆ ಮರೆ ಕಟ್ಟಿ ಇಟ್ಟಿರುವುದು. ಅದೇ ವೆಬ್ ಚಿತ್ರಗಳಲ್ಲಿ ಪುಣೆಯ ವಿಜ್ಞಾನಿಗಳಾದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ 'ಅಲಕನಂದಾ' ಎಂಬ ಸುರುಳಿ ಗ್ಯಾಲಕ್ಸಿ ಹುಡುಕಿದರು. ವಿಶ್ವಕ್ಕೆ ಬರೀ 150 ಕೋಟಿ ವರ್ಷವಾಗಿದ್ದಾಗಲೇ ಎರಡು ಅಚ್ಚುಕಟ್ಟಾದ ತೋಳು ಬಿಡಿಸಿಕೊಂಡು ನಿಂತಿತ್ತಂತೆ. ಸುರುಳಿ ಇಷ್ಟು ಬೇಗ ರೂಪುಗೊಳ್ಳುವುದು ಯಾರೂ ಎಣಿಸಿದ್ದಲ್ಲ.

ವಿಶ್ವದ ಮೊದಲ ಕಾಲವನ್ನು ಹುಡುಕುವ ಕೆಲಸಕ್ಕೆ ಕನ್ನಡಿಯೇ ಬೇಕೆಂದೂ ಇಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ 3 ಎಂಬ ರೇಡಿಯೋ ಟೆಲಿಸ್ಕೋಪನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟು, ಮೊದಲ ನಕ್ಷತ್ರಗಳ ಕಾಲದ ಜಲಜನಕದ ಸುಳಿವಿಗೆ ಕಿವಿಗೊಟ್ಟಿದ್ದರು. ಅಂಥ ಸುಳಿವು ಸಿಕ್ಕಿತೆಂದು 2018ರಲ್ಲಿ ಅಮೆರಿಕದ ತಂಡವೊಂದು ಹೇಳಿತ್ತು. ಸರಸ್‌ನ ಅಳತೆ ಅದನ್ನು ಒಪ್ಪಲಿಲ್ಲ. ನಮ್ಮ ನಾಡಿನ ನೀರಿನ ಮೇಲೆ ನಡೆದ ಈ ಕೆಲಸ ಶಾಲೆಯ ಮಕ್ಕಳಿಗೆಲ್ಲ ಗೊತ್ತಿರಬೇಕಿತ್ತು ಎಂದು ನನಗೆ ಬಹಳ ಅನಿಸುತ್ತದೆ.

ಕೊಳ್ಳುವ ಮೊದಲು ನಮ್ಮ ಹವೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಪೂರ್ತಿ ಮುಚ್ಚಿಯೇ ಇರುತ್ತದೆ, ಆ ನಾಲ್ಕು ತಿಂಗಳ ಥಂಡಿಯೇ ಕನ್ನಡಿಗೆ ದೊಡ್ಡ ಶತ್ರು. ಐಪೀಸ್‌ಗೆ ಬೂಷ್ಟು ಹಿಡಿದರೆ ಹೋಗುವುದು ಕಷ್ಟ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಅದು ಬಣ್ಣ ಬದಲಿಸಿದ ಕೂಡಲೇ ಬಿಸಿ ಮಾಡಿ ಒಣಗಿಸಿ. ಹುತ್ತರಿಯ ಹುಣ್ಣಿಮೆಯ ಸುತ್ತ ಗ್ಯಾಲಕ್ಸಿ ಹುಡುಕಲು ಹೋಗಬೇಡಿ, ಬೆಳದಿಂಗಳಲ್ಲಿ ಎಲ್ಲ ಕರಗಿಹೋಗುತ್ತದೆ. ಡಿಸೆಂಬರ್, ಜನವರಿಯ ಅಮಾವಾಸ್ಯೆಗಳು ಅತ್ಯುತ್ತಮ, ಆದರೆ ನಡುರಾತ್ರಿ ಕಳೆದ ಮೇಲೆ ಇಬ್ಬನಿ ಬಿದ್ದು ಫೈಂಡರ್ (ಗುರಿ ಹಿಡಿಯುವ ಪುಟ್ಟ ದುರ್ಬೀನು) ಒದ್ದೆಯಾಗುತ್ತದೆ. ಆನೆ ಓಡಾಡುವ ತೋಟವಾದರೆ ಕಣ ಬಿಟ್ಟು ಕದಲಬೇಡಿ, ಒಬ್ಬರೇ ಅಂತೂ ಬೇಡ.

ಬಣ್ಣಬಣ್ಣದ ಚಿತ್ರ ಬೇಕೆನ್ನುವವರಿಗೆ ಇದನ್ನು ಹೇಳಲಾರೆ. ಮಸುಕಿನ ಮುಂದೆ ಅರ್ಧ ಗಂಟೆ ಕೂರುವ ತಾಳ್ಮೆ ಇದ್ದವರು ಆರು ಇಂಚಿನದನ್ನು ಬಿಟ್ಟು ಇದನ್ನೇ ಕೊಳ್ಳಿ. 3ಸಿ 273 ಹಿಡಿಯಲು ಆ ಎರಡು ಇಂಚು ಹೆಚ್ಚಿದ್ದರೆ ಸಲೀಸು ಅನಿಸುತ್ತದೆ.