52 ಸಾವಿರದ ಸೆಕೆಂಡ್ ಹ್ಯಾಂಡ್ ಬೈಕ್ 77,700 ಆದ ಲೆಕ್ಕ

ಹೊಸದಾಗಿ ಲೈಸೆನ್ಸ್ ಮಾಡಿಸಿದ ಹುಡುಗ, ಕೈಯಲ್ಲಿ 55,000 ರೂಪಾಯಿ. ಬ್ರೋಕರ್ ಒಬ್ಬನಿಂದ 52,000ಕ್ಕೆ ತಗೊಂಡದ್ದು 2018ರ ನವೆಂಬರ್‌ನಲ್ಲಿ ರಿಜಿಸ್ಟರ್ ಆದ 150 ಸಿಸಿ ಬೈಕು. ಮೀಟರಿನಲ್ಲಿ 19,000 ಕಿ.ಮೀ. ಮೂರು ತಿಂಗಳೊಳಗೆ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ) ಪೈಪ್, ಆಯಿಲ್ ಸೀಲ್, ಕೋನ್ ಸೆಟ್ಟಿಗೆ (ಹ್ಯಾಂಡಲ್ ತಿರುಗುವ ಬೇರಿಂಗ್) 7,200. ಬೋರ್ ಮಾಡಿಸಿ (ಎಂಜಿನ್ನಿನ ಸವೆದ ಸಿಲಿಂಡರ್ ಕೊರೆಸಿ) ಪಿಸ್ಟನ್, ರಿಂಗ್, ಟೈಮಿಂಗ್ ಚೈನ್ ಹಾಕಿಸಿದ್ದಕ್ಕೆ 11,500. ಚೈನ್ ಸ್ಪ್ರಾಕೆಟ್ 2,100. ಎರಡು ಟೈರಿಗೆ 4,900. ಒಟ್ಟು 77,700. ಇಷ್ಟು ಸುರಿದ ಮೇಲೂ ಆರ್‌ಸಿ ಅವನ ಹೆಸರಿಗೆ ಬಂದಿಲ್ಲ.

ಬೇಸರದ ಸಂಗತಿ ಎಂದರೆ ಇದರಲ್ಲಿ ಒಳಗೆ ಅವಿತು ಕೂತಿದ್ದ ದೋಷ ಒಂದೂ ಇರಲಿಲ್ಲ. ಕೊಳ್ಳುವ ದಿನವೇ ಎಲ್ಲವೂ ಕಾಣುವಂತಿತ್ತು, ನೋಡುವುದು ಗೊತ್ತಿದ್ದರೆ.

ಮೊದಲು ಎಂಜಿನ್. ಹುಡುಗ ಹೋಗುವಷ್ಟರಲ್ಲಿ ಬೈಕನ್ನು ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರು. ಬಿಸಿ ಎಂಜಿನ್ ಅರ್ಧ ಸುಳ್ಳು ಹೇಳುತ್ತದೆ. ಮಾರುವವರಿಗೆ ಮೊದಲೇ ಹೇಳಿಬಿಡಿ: ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಹೋದ ತಕ್ಷಣ ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಟೀ ಕುಡಿದು ಬರುತ್ತೇನೆ ಎಂದು ಎರಡು ಗಂಟೆ ಬಿಟ್ಟು ಹೋಗಿ. ತಣ್ಣಗಿದ್ದಾಗ ಸ್ಟಾರ್ಟ್ ಆದ ಕೂಡಲೇ ಒಂದಷ್ಟು ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವ್ ಸೀಲ್ ಹೋಗಿರುವ ಸಾಧ್ಯತೆ ಹೆಚ್ಚು, ಅದು ಸಣ್ಣ ಕೆಲಸ. ಬಿಸಿಯಾದ ಮೇಲೂ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಬಂದರೆ ರಿಂಗ್ ಸವೆದಿದೆ, ಅಂದರೆ ಬೋರ್ ಕೆಲಸ. ಇದನ್ನು ಮುಚ್ಚಲು ದಪ್ಪ ಆಯಿಲ್ ಹಾಕಿ ಮಾರುವ ಹಳೇ ಚಾಳಿ ಇದೆ. ಆಯಿಲ್ ಕಾದು ತೆಳುವಾದ ಮೇಲೆ ಹೊಗೆ ಹೊರಬೀಳುತ್ತದೆ. ಹಾಗಾಗಿ ಗಲ್ಲಿಯಲ್ಲಿ ಒಂದು ಸುತ್ತು ಹೊಡೆದು ಬಂದರೆ ಸಾಲದು, 15ರಿಂದ 20 ನಿಮಿಷ ಓಡಿಸಬೇಕು. ನಿಮಗೆ ಕೈ ಇನ್ನೂ ಕೂತಿಲ್ಲದಿದ್ದರೆ ಪರಿಚಯದ ಮೆಕ್ಯಾನಿಕ್‌ ಕೈಗೆ ಐನೂರು ಕೊಟ್ಟು ಓಡಿಸಿ, ನೀವು ಹಿಂದೆ ಇನ್ನೊಂದು ಗಾಡಿಯಲ್ಲಿ ಹೋಗಿ ಸೈಲೆನ್ಸರ್ ನೋಡುತ್ತಿರಿ. ಬ್ರೋಕರ್ ಕರೆತರುವ ಮೆಕ್ಯಾನಿಕ್ ಬೇಡವೇ ಬೇಡ.

ಓಡಿಸುವವರು ಕ್ಲಚ್ಚನ್ನೂ ನೋಡಲಿ: ಟಾಪ್ ಗೇರಿನಲ್ಲಿ 40ರ ವೇಗದಲ್ಲಿದ್ದಾಗ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಶಬ್ದ ಮಾತ್ರ ಏರಿ ಗಾಡಿ ಎಳೆಯದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಇನ್ನು ಫೋರ್ಕ್. ಎಂಜಿನ್ ಕೆಟ್ಟರೆ ದುಡ್ಡು ಹೋಗುತ್ತದೆ, ಫೋರ್ಕ್ ಬಾಗಿದ್ದರೆ ಹೊಸ ಸವಾರ ತನ್ನ ಬ್ಯಾಲೆನ್ಸೇ ಸರಿಯಿಲ್ಲ ಎಂದುಕೊಂಡು ತಿಂಗಳುಗಟ್ಟಲೆ ಹಾಗೇ ಓಡಿಸುತ್ತಾನೆ. ಇವನೂ ಹಾಗೇ ಮಾಡಿದ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಅದುಮಿ ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲ್ಲನ್ನು ಬೆರಳಲ್ಲಿ ನಿಧಾನ ತಿರುಗಿಸಿ. ನಡುವೆ ಎಲ್ಲೋ ಕಚ್ಚಿದಂತೆ ಆದರೆ ಕೋನ್ ಸೆಟ್ಟಿನಲ್ಲಿ ಗುಳಿ ಬಿದ್ದಿದೆ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಟಕ್ ಎಂದರೆ ಕೋನ್ ಸೆಟ್ ಸಡಿಲವಾಗಿದೆ ಅಥವಾ ಸವೆದಿದೆ. ಆಮೇಲೆ ಹ್ಯಾಂಡಲ್ ಪೂರ್ತಿ ತಿರುಗಿದಾಗ ಚಾಸಿಗೆ ತಾಗಿ ನಿಲ್ಲುವ ಜಾಗ ಹುಡುಕಿ. ಮುಂದಿನಿಂದ ಗುದ್ದಿದ ಗಾಡಿಯಲ್ಲಿ ಅಲ್ಲಿ ನಜ್ಜು ಇರುತ್ತದೆ, ಇಲ್ಲವೇ ಅಷ್ಟು ಜಾಗಕ್ಕೆ ಮಾತ್ರ ಹೊಸ ಪೇಂಟ್ ಇರುತ್ತದೆ. ಟ್ಯಾಂಕ್ ಫಳಫಳ ಹೊಳೆಯುವಂತೆ ಮಾಡುವವರು ಈ ಮೂಲೆ ಮರೆಯುವುದೇ ಹೆಚ್ಚು.

ಮೀಟರನ್ನು ನಂಬಲೇಬೇಡಿ. 19,000 ಓಡಿದ ಗಾಡಿಯ ಬ್ರೇಕ್ ಪೆಡಲ್ ಸವೆದು ಹೊಳೆಯುವುದಿಲ್ಲ, ಫುಟ್‌ರೆಸ್ಟ್ ರಬ್ಬರ್ ನುಣ್ಣಗಾಗುವುದಿಲ್ಲ. ಇವನ ಬೈಕಿನಲ್ಲಿ ಅವೆರಡೂ ಸವೆದಿದ್ದವು, ಹ್ಯಾಂಡಲ್ ಗ್ರಿಪ್ ಮಾತ್ರ ಹೊಚ್ಚ ಹೊಸದು. ಟೈರಿನ ಕಥೆ ಇನ್ನೂ ಚೆಂದ. ಪಕ್ಕದಲ್ಲಿ 1417 ಎಂದು ಅಚ್ಚಾಗಿತ್ತು, ಎಂದರೆ 2017ರ 14ನೇ ವಾರದಲ್ಲಿ ತಯಾರಾದದ್ದು. ಬೈಕಿಗಿಂತ ಟೈರಿಗೇ ಒಂದೂವರೆ ವರ್ಷ ವಯಸ್ಸು ಹೆಚ್ಚು! ಯಾವುದೋ ಗುಜರಿ ಗಾಡಿಯದನ್ನು ತಂದು ಹಾಕಿದ್ದರು. ಟೈರಿನ ಮೇಲಿನ ಗುಂಡಿ (ರಸ್ತೆ ಹಿಡಿಯುವ ಉಬ್ಬು) ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿ ಪಕ್ಕದಲ್ಲಿ ಬಿರುಕು ಬಿಟ್ಟ ಟೈರ್ ಮಳೆಯಲ್ಲಿ ಜಾರುತ್ತದೆ. ಚೈನಿಗೆ ಒಂದು ಸುಲಭ ಪರೀಕ್ಷೆ: ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಹಿಡಿದು ಎಳೆಯಿರಿ, ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ ಪೂರ್ತಿ ಸೆಟ್ ಬದಲಿಸುವ ದುಡ್ಡು ಕಡಿಮೆ ಮಾಡಿಸಿ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ಹೊಸ ಮಾನದಂಡದ) ಗಾಡಿಯಾದರೆ ಕೀ ಆನ್ ಮಾಡಿದಾಗ ಎಂಜಿನ್ ಲೈಟ್ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಎಬಿಎಸ್ ಲೈಟ್ ಕೀ ಹಾಕಿದಾಗ ಹತ್ತಿ, ಗಾಡಿ ಸ್ವಲ್ಪ ಚಲಿಸಿದ ಮೇಲೆ ಆರಬೇಕು. ಹತ್ತಿಕೊಂಡೇ ಇದ್ದರೆ ದೋಷ ಎಂದು ಎಲ್ಲರಿಗೂ ಗೊತ್ತು. ಹತ್ತದೇ ಇದ್ದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ ಎಂದು ಅನುಮಾನಿಸಿ.

ಕಾಗದದ ವಿಷಯದಲ್ಲಿ ಹುಡುಗ ಮೋಸ ಹೋದದ್ದು ಹೀಗೆ. ಬ್ರೋಕರ್ ಮೊದಲ ಮಾಲೀಕನ ಸಹಿ ಇರುವ ಖಾಲಿ 29 ಮತ್ತು 30ನೇ ಫಾರಂ (ಮಾಲೀಕತ್ವ ವರ್ಗಾಯಿಸುವ ಅರ್ಜಿಗಳು) ಕೊಟ್ಟು, ಯಾವಾಗ ಬೇಕಾದರೂ ಹೆಸರಿಗೆ ಮಾಡಿಸಿಕೊಳ್ಳಿ ಎಂದ. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಎಚ್‌ಪಿ, ಅಂದರೆ ಗಾಡಿ ಸಾಲಕ್ಕೆ ಅಡವಿದೆ ಎಂಬ ನಮೂದು, ಹಾಗೇ ಇತ್ತು. ಸಾಲ ತೀರಿದ್ದರೂ ಅವರ ಎನ್‌ಒಸಿ ಮತ್ತು 35ನೇ ಫಾರಂ ಆರ್‌ಟಿಒಗೆ ಹೋಗದೆ ಎಚ್‌ಪಿ ತೆಗೆಯುವುದಿಲ್ಲ, ಹೆಸರೂ ಬದಲಾಗುವುದಿಲ್ಲ. ಮೊದಲ ಮಾಲೀಕನ ಫೋನ್ ಈಗ ಸ್ವಿಚ್ ಆಫ್. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದ್ದರೆ ಎರಡು ನಿಮಿಷದಲ್ಲಿ ಎಚ್‌ಪಿ, ಇನ್ಶೂರೆನ್ಸ್, ಎಮಿಷನ್ ಎಲ್ಲ ಕಾಣುತ್ತಿತ್ತು. ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ದಾಖಲೆಯ ಪ್ರತಿ) ತೆಗೆಸಿದರೆ ಇನ್ನೂ ಒಳ್ಳೆಯದು. ಚಾಸಿ ನಂಬರನ್ನು ಗಾಡಿಯ ಮೇಲೆ ಕೆತ್ತಿದ್ದರಿಂದಲೇ ಓದಿ ಹೋಲಿಸಿ, ಆರ್‌ಸಿ ನೋಡಿ ತಲೆಯಾಡಿಸಬೇಡಿ. ಬಾಕಿ ದಂಡವನ್ನು ಮಾರುವವರಿಂದಲೇ ಕಟ್ಟಿಸಿ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಆಗಿದೆಯೇ ಎಂದೂ ನೋಡಿ.

ಖಾಲಿ ಫಾರಂ ಕೊಟ್ಟು ಮಾರುವವರಿಗೂ ಒಂದು ಮಾತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿ ನಾಲ್ಕು ಕೈ ದಾಟಿದ್ದರೂ ಅಷ್ಟೇ.

ದರ ಮಾತಾಡುವಾಗ ಇನ್ನೊಂದು ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಹೊಸ ಬೈಕಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಎಕ್ಸ್ ಶೋರೂಂ ಒಂದು ಲಕ್ಷದ ಗಾಡಿಗೆ ಸುಮಾರು 7,800 ರೂಪಾಯಿ ವ್ಯತ್ಯಾಸ. ಹಳೆಯ ದರ ಹಿಡಿದು ಸೆಕೆಂಡ್ ಹ್ಯಾಂಡ್ ಬೆಲೆ ಹೇಳುವವರು ಈಗಲೂ ಇದ್ದಾರೆ, ಚೌಕಾಸಿಗೆ ಇದು ಕೈಯಲ್ಲಿರಲಿ.

55,000 ಇದ್ದರೆ 43,000-45,000ದ ಗಾಡಿ ನೋಡಿ, ಉಳಿದದ್ದು ಟೈರ್, ಚೈನ್, ಇನ್ಶೂರೆನ್ಸ್, ಐಎಸ್‌ಐ ಹೆಲ್ಮೆಟ್ಟಿಗೆ. ಆ ದುಡ್ಡಿಗೆ ಓಡಿ ಸುಸ್ತಾದ 150ಕ್ಕಿಂತ ಚೆನ್ನಾಗಿ ಇಟ್ಟುಕೊಂಡ 100 ಅಥವಾ 125 ಸಿಸಿ ಮೇಲು. ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆಜಿ, ಸೀಟು 785 ಮಿ.ಮೀ. ಎತ್ತರ, ಟ್ರಾಫಿಕ್ಕಿನಲ್ಲಿ ವಾಲಿದರೂ ಕಾಲು ಕೊಟ್ಟು ನಿಲ್ಲಿಸಬಹುದು. ಗೆಳೆಯರು ನಗಬಹುದು, ನಗಲಿ.

ಟೋಕನ್ ಕೊಡುವುದಾದರೆ ಬಿ ಎಕ್ಸ್‌ಟ್ರಾಕ್ಟ್ ಕೈಗೆ ಬಂದ ಮೇಲೆ, ಪೂರ್ತಿ ದುಡ್ಡು ಆರ್‌ಸಿಯಲ್ಲಿರುವ ಹೆಸರಿನ ಖಾತೆಗೇ. ಗಾಡಿ ತರುವಾಗ ಚಾಸಿ ನಂಬರ್, ಮೀಟರ್ ಓದು, ದಿನಾಂಕದ ಜೊತೆ ಗಂಟೆಯನ್ನೂ ಬರೆದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಹಾಕಿ. ಗಾಡಿ ತಂದ ಹೊತ್ತಿನವರೆಗೆ ಬಿದ್ದ ಸಿಗ್ನಲ್ ಜಂಪ್ ದಂಡ ಯಾರದು ಎಂಬ ಜಗಳಕ್ಕೆ ಅದೊಂದೇ ಕಾಗದ ಸಾಕ್ಷಿ.