ಬತ್ತಿಕೋವಿಯೋ, ಚಕಮಕಿ ಕೋವಿಯೋ?

1680ರ ಸುಮಾರಿಗೆ ಯುರೋಪಿನ ದಂಡನಾಯಕನೊಬ್ಬ ತನ್ನ ಕಾಲಾಳುಗಳಿಗೆ ಬತ್ತಿಕೋವಿ ಕೊಡಿಸುವುದು ಮೇಲಾಗಿತ್ತೇ, ಚಕಮಕಿ ಕೋವಿಯೇ ಎಂದು ಕೇಳಿದ್ದೀರಿ. ಬತ್ತಿಕೋವಿಯಲ್ಲಿ ಉರಿಯುತ್ತಿರುವ ಹಗ್ಗದ ಬತ್ತಿ ಸಿಡಿಮದ್ದಿಗೆ ಬೆಂಕಿ ತಾಗಿಸುತ್ತದೆ; ಚಕಮಕಿ ಕೋವಿಯಲ್ಲಿ ಕಲ್ಲು ಉಕ್ಕಿಗೆ ಬಡಿದು ಹಾರುವ ಕಿಡಿ ಆ ಕೆಲಸ ಮಾಡುತ್ತದೆ.

ಬೆಲೆಯನ್ನು ನೋಡಿದರೆ ಬತ್ತಿಕೋವಿಯದೇ ಮೇಲುಗೈ. ಅದರ ಯಂತ್ರ ಸರಳ, ದುರಸ್ತಿ ಸುಲಭ. ಚಕಮಕಿ ಕೋವಿಗಾದರೋ ಹದವಾದ ಸ್ಪ್ರಿಂಗೂ ಗಟ್ಟಿ ಉಕ್ಕೂ ಬೇಕು, ಸವೆಯುವ ಕಲ್ಲನ್ನು ಆಗಾಗ ಬದಲಿಸಲೂ ಬೇಕು. ಆದರೆ ಕಾವಲಿನಲ್ಲಿ ಗಂಟೆಗಟ್ಟಲೆ ಉರಿದುಹೋಗುವ ಬತ್ತಿಯ ಖರ್ಚನ್ನು ಅನೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಸನ್ನದ್ಧತೆಯ ವಿಷಯದಲ್ಲಿ ವ್ಯತ್ಯಾಸ ದೊಡ್ಡದು. 1650ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಡನ್‌ಬಾರ್‌ನ ಬಳಿ ಸ್ಕಾಟ್ ಪಡೆ ಮಳೆಯ ರಾತ್ರಿಯಲ್ಲಿ ತನ್ನ ಬಹುಪಾಲು ಬತ್ತಿಗಳನ್ನು ಆರಿಸಿತ್ತು. ಇಂಗ್ಲಿಷ್ ಸೇನಾಪತಿ ಕ್ರಾಮ್‌ವೆಲ್ ನಸುಕಿನಲ್ಲೇ ಮೇಲೆ ಬಿದ್ದಾಗ ಹೊತ್ತಿಸಿಕೊಳ್ಳಲು ಸಮಯವೇ ಸಿಗಲಿಲ್ಲ. ಚಕಮಕಿಯೂ ಕೈಕೊಡುವುದುಂಟು, ಆದರೆ ಕತ್ತಲಲ್ಲಿ ಮಿನುಗುವ ಕೆಂಡದಂತೆ ಶತ್ರುವಿಗೆ ಸುಳಿವು ಕೊಡುವುದಿಲ್ಲ.

ಮದ್ದಿನ ಪೀಪಾಯಿಗಳ ಪಕ್ಕದಲ್ಲಿ ಉರಿಯುವ ಬತ್ತಿ ಹಿಡಿದು ನಿಲ್ಲುವುದು ಅಪಾಯವೇ ಸರಿ. 1671ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ, 1685ರಲ್ಲಿ ಇಂಗ್ಲೆಂಡಿನ ಎರಡನೆಯ ಜೇಮ್ಸ್ ಫಿರಂಗಿಗಳ ರಕ್ಷಣೆಗೆಂದು ಕಟ್ಟಿದ ದಳಗಳಿಗೆ ಚಕಮಕಿ ಕೋವಿಯನ್ನೇ ಕೊಡಿಸಿದರು.

ಆದ್ದರಿಂದ ಬೊಕ್ಕಸ ಬರಿದಾಗಿದ್ದು, ಹೊಸಬರನ್ನು ಬೇಗನೆ ಸಜ್ಜುಗೊಳಿಸಿ ಕೋಟೆಯಲ್ಲಿ ನಿಲ್ಲಿಸುವುದಾದರೆ ಬತ್ತಿಕೋವಿ ಸಾಕಿತ್ತು. ರಾತ್ರಿದಾಳಿ, ಮದ್ದಿನ ಗಾಡಿಗಳ ಕಾವಲು, ಭುಜಕ್ಕೆ ಭುಜ ತಾಗುವ ಒತ್ತಾದ ಸಾಲುಗಳಿಗೆ ಚಕಮಕಿಯೇ ತಕ್ಕದ್ದು. ನಿರ್ಧರಿಸಲಾಗದವರಿಗಾಗಿಯೋ ಎಂಬಂತೆ ಫ್ರೆಂಚ್ ಇಂಜಿನಿಯರ್ ವೊಬಾನ್ ಎರಡೂ ಯಂತ್ರಗಳನ್ನು ಒಂದೇ ಕೋವಿಗೆ ಜೋಡಿಸಿದ್ದ.